ಕಣ್ಣು ಬೀಳದ ಹಾಗೆ ಉಣಿಸುವುದು

ಅರಕಲಗೂಡಿನ ನಮ್ಮ ಮನೆಯಲ್ಲಿ ಅಕ್ಕನ ಮಗುವಿಗೆ ಊಟ ಮಾಡಿಸುವುದೆಂದರೆ ಕಳ್ಳಭಟ್ಟಿ ಇಳಿಸಿದ ಹಾಗಿತ್ತು. ಮೊದಲು ಬೀದಿ ಬಾಗಿಲು ಹಾಕಬೇಕು. ಹಿಂದಿನ ಕೋಣೆಯ ಕಿಟಕಿಗೆ ಅಪ್ಪನ ಹಳೇ ಪಂಚೆ ಇಳಿಬಿಡಬೇಕು. ಪಕ್ಕದ ಮನೆಯವರು ಕಾಫಿಪುಡಿ ಕೇಳಲು ಬಂದರೆ ಅವರನ್ನು ಜಗಲಿಯಲ್ಲೇ ಮಾತಾಡಿಸಿ ವಾಪಸು ಕಳಿಸಲು ಒಬ್ಬ ಕಾವಲುಗಾರ ಬೇಕು. ಆ ಹುದ್ದೆ ನನ್ನದು. ಒಳಗೆ ಅವ್ವ ಗೋಡೆಗೆ ಮುಖ ಮಾಡಿ, ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಮೇಲಿಂದ ಸೆರಗು ಮುಚ್ಚಿ, ಆ ಕತ್ತಲೆಯಲ್ಲಿ ಒಳಲೆಯಿಂದ ರಾಗಿ ಸರಿ ಹಾಕುತ್ತಿದ್ದಳು. ಒಳಲೆ ಅಂದರೆ ಮೂತಿ ಚೂಪಾದ ಪುಟ್ಟ ಬೆಳ್ಳಿ ಬಟ್ಟಲು, ನಾನೂ ಅಕ್ಕನೂ ಅದರಲ್ಲೇ ಕುಡಿದು ಬೆಳೆದವರು. ಇನ್ನು ಆ ಸರಿಯ ಹಿಂದಿನ ಕಷ್ಟ ಕೇಳಿ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ತೆಗೆದ ಹಿಟ್ಟು. ಅದನ್ನು ಹಾಲಲ್ಲಿ ಕುದಿಸಿದರೆ ಬರುವುದು ಗೋಡೆಗೆ ಪೋಸ್ಟರ್ ಅಂಟಿಸಲು ಲಾಯಕ್ಕಾದ ಒಂದು ಪದಾರ್ಥ. ಇದನ್ನು ಅವ್ವನ ಎದುರು ನಾನು ಒಂದೇ ಸಲ ಹೇಳಿದ್ದು.

ಇಷ್ಟೆಲ್ಲ ಗುಟ್ಟು ಯಾಕೆಂದರೆ, ಉಣ್ಣುವ ಮಗುವಿನ ಮೇಲೆ ಯಾರ ಕಣ್ಣೂ ಬೀಳಬಾರದು. ಬಿದ್ದರೆ ದೃಷ್ಟಿ ತಾಗಿ ಮಗು ಊಟ ಬಿಡುತ್ತದೆ. ನಮ್ಮ ಪಾಪು ಊಟ ಬಿಡುವುದಿರಲಿ, ಇನ್ನೂ ಹಿಡಿದೇ ಇರಲಿಲ್ಲ. ಎಂಟು ತಿಂಗಳ ಅವಳು ಅಮ್ಮನ ಹಾಲು ಬಿಟ್ಟು ಬೇರೆ ಏನೇ ಹತ್ತಿರ ಬಂದರೂ ತುಟಿ ಬಿಗಿದು, ಕುತ್ತಿಗೆ ಹೊರಳಿಸಿ, ಸರಿಯನ್ನು ಗಲ್ಲದ ಮೇಲಿಂದ ಹರಿಯಲು ಬಿಡುತ್ತಿದ್ದಳು. ಅವ್ವ ಹೊರಗೆ ಬಂದು ಸೀದಾ ನನ್ನ ಕಡೆ ನೋಡುತ್ತಿದ್ದಳು.

"ನೀನೇ ಇಣುಕಿದ್ಯಾ?"

"ಬೀದೀಲಿ ನಿಂತು ಗೋಡೆ ಮೂಲಕ ಇಣುಕೋ ವಿದ್ಯೆ ನಂಗಿಲ್ಲ ಕಣವ್ವ."

"ನಿನ್ ಕಣ್ಣು ಕೆಟ್ಟದ್ದು ಕಣ್ಲಾ. ಚಿಕ್ಕೋನಿದ್ದಾಗಿಂದ ಗೊತ್ತು ನಂಗೆ."

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತೇನೋ. ಆದರೆ ಅಕ್ಕನ ಹೆರಿಗೆ ರಜೆಯೂ ಅದಕ್ಕೆ ಸೇರಿಸಿ ತೆಗೆದ ರಜೆಯೂ ಮುಗಿಯುತ್ತಾ ಬಂದಿದ್ದವು. ಚನ್ನರಾಯಪಟ್ಟಣದ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ. ಆ ಕೆಲಸಕ್ಕೆ ಅವಳು ಮದುವೆಗೆ ಮುಂಚೆ ಓದಿದ್ದನ್ನು ನಾನು ಕಂಡಿದ್ದೇನೆ. ಮನೆಗೆ ನೆಂಟರು ಬಂದರೆ ಪುಸ್ತಕ ಹಿಡಿದು ನೀರು ಕಾಯಿಸುವ ಒಲೆ ಮುಂದೆ ಹೋಗಿ ಕೂರುತ್ತಿದ್ದಳು. ಸೋಮವಾರ ಹಾಜರಾಗಬೇಕು. ಅವಳ ಗಂಡನ ಮನೆಯೂ ಅದೇ ಊರಲ್ಲಿ, ಮಗುವನ್ನು ನೋಡಿಕೊಳ್ಳಬೇಕಾದವರು ಅವಳ ಅತ್ತೆ. ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು:

"ಕೂಸು ನನ್ ಕೈಲಿ ಉಂಡ್ರೆ ನೀನು ಆಫೀಸಿಗೆ ಓಗವ್ವ, ನಂದೇನೂ ಇಲ್ಲ. ಉಣ್ಲಿಲ್ಲ ಅಂದ್ರೆ ಅದ್ರ ಒಟ್ಟೆ ಒಣಗಿಸಿ ನೀನು ಕೆಲ್ಸಕ್ಕೋಗಾದು ಬ್ಯಾಡ. ರಾಜೀನಾಮೆ ಬರ್ದುಕೊಟ್ಟು ಬಂದ್ಬುಡು."

ಭಾವ ಹಾಸನಕ್ಕೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಈ ವಿಷಯದಲ್ಲಿ ಅವರಿಗೂ ಸ್ವಂತ ಅಭಿಪ್ರಾಯವಿತ್ತು. "ಅವ್ವ ಹೇಳ್ದಂಗೆ" ಎಂಬುದು ಆ ಅಭಿಪ್ರಾಯ.

ಶನಿವಾರ ಅಕ್ಕನನ್ನೂ ಮಗುವನ್ನೂ ಬಿಟ್ಟುಬರಲು ನಾನು ಹೊರಟೆ. ಯಾರೂ ನನ್ನನ್ನು ಕರೆದಿರಲಿಲ್ಲ. ಹಾಸನದ ಮದುವೆ ರಿಸೆಪ್ಷನ್ನುಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುವುದು ನನ್ನ ಕಸುಬು. ಕೋಳಿಯಿಂದ ಹಿಡಿದು ಬೀಗರವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಐನೂರು ಜನರ ಬಾಯಿ ತೆರೆಸಿ ನಗಿಸುವವನಿಗೆ ಹಲ್ಲಿಲ್ಲದ ಒಂದು ಬಾಯಿ ತೆರೆಸುವುದು ಯಾವ ಲೆಕ್ಕ ಎಂದು ನನಗೆ ಅನಿಸಿತ್ತು.

"ಚನ್ನರಾಯಪಟ್ಟಣ ಬರೋಷ್ಟ್ರಲ್ಲಿ ಇವ್ಳು ಬಟ್ಲು ಖಾಲಿ ಮಾಡಿರ್ತಾಳೆ ನೋಡು" ಎಂದೆ.

"ನೀನು ಬಾಯಿ ಮುಚ್ಕೊಂಡಿದ್ರೆ ಅವ್ಳು ತೆಗೀಬೋದು" ಎಂದಳು ಅಕ್ಕ. ಅವಳು ತಮಾಷೆಗೆ ಹೇಳಿದ್ದಲ್ಲ. ಎರಡು ರಾತ್ರಿಯಿಂದ ಅವಳಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಹೊಳೆನರಸೀಪುರದ ಬಸ್ಸಿನಲ್ಲಿ ಹೆಂಗಸರೇ ತುಂಬಿದ್ದರು. ಹೆಂಗಸರಿಗೆ ಪುಕ್ಕಟೆಯಾದ ಆ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಟ್ಟವರಲ್ಲಿ ನಾನೂ ಒಬ್ಬ, ಹಾಗಾಗಿ ನಿಂತಿದ್ದೆ. ಅಕ್ಕನಿಗೆ ಮೂರು ಜನರ ಸೀಟಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಊರು ದಾಟುತ್ತಿದ್ದಂತೆ ಅವಳು ಚೀಲದಿಂದ ಫ್ಲಾಸ್ಕು, ಸ್ಟೀಲ್ ಡಬ್ಬಿ, ಒಳಲೆ, ಒರೆಸುವ ಬಟ್ಟೆ ಎಲ್ಲ ತೆಗೆದು, ಮಗುವನ್ನು ಮಡಿಲಲ್ಲಿ ಮಲಗಿಸಿ, ಮೇಲೆ ಟವೆಲು ಹೊದಿಸಿ, ಅದರೊಳಗೆ ಕೈ ತೂರಿಸಿದಳು. ಬಸ್ಸು ಹಂಪು ಹಾರಿತು. ಟವೆಲಿನ ಒಳಗಿಂದ ಒಂದು ಸೀನು ಬಂತು. ಕೈ ಹೊರಗೆ ಬಂದಾಗ ಒಳಲೆ ಖಾಲಿಯಾಗಿತ್ತು. ಅಕ್ಕನ ಮುಖ ಒಂದು ಕ್ಷಣ ಅರಳಿತು. ಟವೆಲು ತೆಗೆದು ನೋಡಿದರೆ ಸರಿಯೆಲ್ಲ ಮಗುವಿನ ಕಿವಿಯೊಳಗಿತ್ತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಅಷ್ಟು ಹೊತ್ತೂ ಪುಣ್ಯಾತ್ಮಳು ಕಿಟಕಿಯತ್ತಲೂ ನೋಡದೆ, ಮಗುವಿನತ್ತಲೂ ನೋಡದೆ, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಮುಂದಿನ ಸೀಟಿನವರು ಹಿಂತಿರುಗಿದಾಗ ಕಣ್ಣು ಬಿಟ್ಟು ಗದರಿದಳು.

"ಅತ್ತಾಗ್ ತಿರೀಕಳಿ ನೀವೆಲ್ಲ. ಕೂಸು ಉಣ್ತಾ ಅದೆ."

"ಉಣ್ತಾ ಇಲ್ಲ ಅಜ್ಜಿ, ಸ್ನಾನ ಮಾಡ್ತಾ ಅದೆ" ಎಂದೆ.

"ನೀನು ಯಾರ್ಲಾ?"

"ಸೋದರಮಾವ."

"ಓ, ಅದ್ಕೇಯ" ಎಂದು ಅಜ್ಜಿ ಮತ್ತೆ ಕಣ್ಣು ಮುಚ್ಚಿಕೊಂಡಳು. ಏನು ಅದಕ್ಕೇ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ನನ್ನ ಸರದಿ. ಕಂಬಿ ಹಿಡಿದು ಬಗ್ಗಿ ಕಾಗೆಯಿಂದ ಶುರುಮಾಡಿದೆ. ಪಾಪು ನೋಡಿದಳು. ಕೋಳಿ, ಕರು, ಪ್ರೆಷರ್ ಕುಕ್ಕರ್ ಮಾಡಿದೆ. ನೋಡಿದಳು. ಕೆಟ್ಟುನಿಂತ ಬೋರ್‌ವೆಲ್ ಮೋಟಾರು ಮಾಡಿದೆ, ಅದು ನನ್ನ ಹೆಸರುವಾಸಿ ಐಟಂ, ಬಸ್ಸಿನವರು ಚಪ್ಪಾಳೆ ತಟ್ಟಿದರು. ಪಾಪು ಮಾತ್ರ ಇಂಟರ್‌ವ್ಯೂ ಮಾಡುವ ಅಧಿಕಾರಿಯ ಹಾಗೆ ಹುಬ್ಬು ಗಂಟಿಕ್ಕಿ, ಬಾಯಿ ಭದ್ರವಾಗಿ ಮುಚ್ಚಿಕೊಂಡು, ಮುಂದಿನ ಅಭ್ಯರ್ಥಿ ಬರಲಿ ಎನ್ನುವಂತೆ ಕಾದಳು. ಕೊನೆಗೆ ನಾನು ಕಂಡಕ್ಟರನ ದನಿ ತೆಗೆದು, "ಒಳಿಕ್ಕೋಗ್ರೀ, ಒಳಗೆ ಖಾಲಿ ಅದೆ, ಬಾಯೊಳಿಕ್ಕೆ ಹೋಗ್ರೀ" ಎಂದೆ. ಹಿಂದಿನ ಬಾಗಿಲಲ್ಲಿ ನಿಂತಿದ್ದ ನಿಜವಾದ ಕಂಡಕ್ಟರ್ ನಿಧಾನವಾಗಿ ಬಂದು ಭುಜ ತಟ್ಟಿದರು.

"ಮಗೀಗೆ ಉಣ್ಸಾಕ್ ಬಂದಿದ್ಯೋ, ನನ್ ಕೆಲ್ಸ ಕಿತ್ಕಳಕ್ ಬಂದಿದ್ಯೋ?"

"ಉಣ್ಸಾಕೆ ಸಾ."

"ಅಂಗಾದ್ರೆ ಒಂದ್ ಚಮಚನಾದ್ರೂ ಒಳಿಕ್ಕೋಗದೆ ಏನಪ್ಪಾ?"

ಇಡೀ ಬಸ್ಸು ನಕ್ಕಿತು. ಅಕ್ಕ ನಗಲಿಲ್ಲ. ಒಳಲೆ ಒರೆಸುತ್ತಾ, ನನಗೆ ಮಾತ್ರ ಕೇಳುವ ಹಾಗೆ, "ಸೋಮ್ವಾರ ಅವ್ರಿಗೇನು ಹೇಳ್ಲೋ ನಾನು, ಆಫೀಸ್ನೋರ್ಗೆ?" ಎಂದಳು. ಹಳೇ ಜಾಗಕ್ಕೆ ಬೇರೊಬ್ಬರನ್ನು ಹಾಕಿದರೆ ಮತ್ತೆ ಸಿಗುತ್ತದೆಯೋ ಇಲ್ಲವೋ ಎಂಬ ಲೆಕ್ಕಾಚಾರ ಅವಳ ತಲೆಯಲ್ಲಿ ಆಗಲೇ ನಡೆದಿತ್ತು. ನನ್ನಲ್ಲಿ ಇನ್ನೂ ಎಷ್ಟೋ ದನಿಗಳು ಉಳಿದಿದ್ದವು. ಒಂದನ್ನೂ ತೆಗೆಯಲಿಲ್ಲ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕ ಮಗುವನ್ನು ನನ್ನ ಕೈಗೆ ಕೊಟ್ಟು, ರಾಗಿಯ ಚಿತ್ತಾರವಾಗಿದ್ದ ಸೀರೆ ತೊಳೆದುಕೊಳ್ಳಲು ನಲ್ಲಿ ಹತ್ತಿರ ಹೋದಳು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಹೋಟೆಲಿನಿಂದ ಒಂದು ಪ್ಲೇಟ್ ಇಡ್ಲಿ ತಂದು ಕಲ್ಲು ಬೆಂಚಿನ ಮೇಲಿಟ್ಟುಕೊಂಡೆ, ಒಂದು ತೊಡೆ ಮೇಲೆ ಪಾಪುವನ್ನು ಕೂರಿಸಿಕೊಂಡೆ. ನಮ್ಮ ಸುತ್ತ ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ತಿನ್ನುತ್ತಿತ್ತು. ಒಬ್ಬರು ಕಡಲೆಕಾಯಿ ಬಿಡಿಸುತ್ತಿದ್ದರು, ಒಬ್ಬರು ಖಾರ ಹಚ್ಚಿದ ಸೌತೆಕಾಯಿ ಕಚ್ಚುತ್ತಿದ್ದರು, ಹಳೇಕೋಟೆ ಕಡೆಗೆ ಹೋಗುವ ಒಂದು ಸಂಸಾರ ಟಿಫನ್ ಕ್ಯಾರಿಯರ್ ಬಿಚ್ಚಿ ಚಿತ್ರಾನ್ನಕ್ಕೆ ಕೂತಿತ್ತು.

ನಾನು ಇಡ್ಲಿ ಮುರಿದು ಬಾಯಿಗಿಟ್ಟೆ. ಗಲ್ಲಕ್ಕೆ ಒಂದು ಏಟು ಬಿತ್ತು. ಪಾಪುವಿನ ಕೈ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಅಗಿದರೆ ಅವಳ ವಸಡೂ ಅಗಿಯುತ್ತಿತ್ತು. ನುಂಗಿದರೆ ಅವಳೂ ಬರೀ ಉಗುಳು ನುಂಗಿದಳು. ಎರಡನೇ ತುಂಡು ಎತ್ತಿದಾಗ ಅವಳು ನನ್ನ ಬೆರಳು ಹಿಡಿದೆಳೆದು, ನನ್ನ ಇಷ್ಟೂ ವರ್ಷದ ಕಲಾಸೇವೆಗೆ ಎಂದೂ ತೆರೆಯದ ಆ ಬಾಯನ್ನು ಅಗಲವಾಗಿ ತೆರೆದಳು. ಒಂದು ಚೂರು ಹಿಸುಕಿ ಇಟ್ಟೆ. ನಾಲಿಗೆ ಮೇಲೆ ಆಡಿಸಿದಳು, ನುಂಗಿದಳು, ಮತ್ತೆ ತೆರೆದಳು.

ನನ್ನಂಥವನಿಗೆ ಮೊದಲು ಹೊಳೆಯುವುದು ಇದು ನನ್ನ ಪ್ರತಿಭೆಯ ಫಲ ಎಂದೇ. ಬಸ್ಸಿನಲ್ಲಿ ಮಾಡಿದ್ದು ತಡವಾಗಿ ಕೆಲಸ ಮಾಡಿರಬೇಕು ಎಂದುಕೊಂಡು ಕಾಗೆಯ ಕೂಗು ಹಾಕಿದೆ. ತುಟಿ ಮುಚ್ಚಿತು. ಸುಮ್ಮನೆ ಇಡ್ಲಿ ತಿಂದೆ. ತೆರೆಯಿತು. ಮತ್ತೆ ಕಾಗೆ ಕೂಗಿದೆ. ಮುಚ್ಚಿತು. ಎದುರಿನ ಸಂಸಾರದ ಹೆಂಗಸು ಚಿತ್ರಾನ್ನ ಕೈಯಲ್ಲಿ ಹಿಡಿದೇ ಹೇಳಿದಳು: "ಸುಮ್ಕೆ ತಿನ್ನಪ್ಪಾ ನೀನು. ನೀನು ತಿಂದ್ರೆ ಅದೂ ತಿಂತದೆ."

ಅಕ್ಕ ಒದ್ದೆ ಸೆರಗು ಹಿಂಡುತ್ತಾ ಬಂದವಳು ಅಲ್ಲೇ ನಿಂತುಬಿಟ್ಟಳು.

"ಲೇ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬುಡು. ಇವ್ಳೂ ಅವ್ರನ್ನೇ ನೋಡ್ತಾವ್ಳೆ."

ಅಕ್ಕ ಬೆಂಚಿನ ಮೇಲೆ ಕೂತು ಮಗುವಿನ ಮುಖ ನೋಡಿದಳು, ಕಡಲೆಕಾಯಿಯವರನ್ನು ನೋಡಿದಳು, ಮತ್ತೆ ಮಗುವನ್ನು ನೋಡಿದಳು. ಆಮೇಲೆ ನಿಧಾನವಾಗಿ, "ಇವ್ಳು ಯಾರಾದ್ರೂ ತಿನ್ನೋದನ್ನ ಇವತ್ತೇ ಕಣೋ ನೋಡಿರೋದು" ಎಂದಳು.

ನಿಜ. ಎಂಟು ತಿಂಗಳು ನಾವು ಅವಳ ಮೇಲೆ ಯಾರ ಕಣ್ಣೂ ಬೀಳದ ಹಾಗೆ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೆವೆಂದರೆ, ಅವಳ ಕಣ್ಣೂ ಯಾರ ತಟ್ಟೆಯ ಮೇಲೂ ಬಿದ್ದಿರಲಿಲ್ಲ. ನಾವು ಉಣ್ಣುವಾಗ ಅವಳನ್ನು ತೊಟ್ಟಿಲಲ್ಲಿ ಹಾಕುತ್ತಿದ್ದೆವು. ಅವಳು ಉಣ್ಣುವಾಗ ಸೆರಗು ಮುಚ್ಚುತ್ತಿದ್ದೆವು. ಕತ್ತಲೆಯಲ್ಲಿ ಅಂಗಾತ ಮಲಗಿಸಿ ಬಾಯಿಗೆ ಏನೋ ಸುರಿದರೆ ನಾನಾದರೂ ಕಚ್ಚುತ್ತಿದ್ದೆ, ಅವಳು ತುಟಿ ಬಿಗಿದದ್ದೇ ದೊಡ್ಡತನ.

ಆದರೆ ಅಕ್ಕನ ಚಿಂತೆ ಬೇರೆ. ಅತ್ತೆ ಇಡ್ಲಿ ಕೊಡುವವರಲ್ಲ, ಅವರ ಮನೆಯಲ್ಲೂ ರಾಗಿ ಸರಿಯೇ. ಹಾಗಾಗಿ ಮುಂದಿನ ಬಸ್ಸಿನಲ್ಲಿ ಪರೀಕ್ಷೆ ನಡೆಯಿತು. ಟವೆಲಿಲ್ಲ, ಒಳಲೆಯಿಲ್ಲ, ಮಗುವನ್ನು ನೆಟ್ಟಗೆ ಕೂರಿಸಿ, ಡಬ್ಬಿಯಿಂದ ಒಂದು ಚಮಚ ನನಗೆ, ಒಂದು ಚಮಚ ಅವಳಿಗೆ. ಉಪ್ಪಿಲ್ಲದ, ಸಕ್ಕರೆಯಿಲ್ಲದ, ಆರಿದ ರಾಗಿ ಸರಿಯನ್ನು "ಆಹಾ" ಎನ್ನುವ ಮುಖ ಮಾಡಿಕೊಂಡು ತಿನ್ನುವುದೇ ನನ್ನ ಜೀವನದ ಅತಿ ಕಷ್ಟದ ಅಭಿನಯವಾಯಿತು. ಪಾಪು ಅರ್ಧ ತಿಂದಳು, ಉಳಿದರ್ಧ ನನ್ನ ಹೊಟ್ಟೆಗೆ. ಅಕ್ಕ ಕಿಟಕಿಗೆ ತಲೆ ಆನಿಸಿ ಸ್ವಲ್ಪ ನಿದ್ದೆ ಕೂಡ ಮಾಡಿದಳು.

ಎಚ್ಚರವಾಗಿದ್ದಿದ್ದರೆ ನನಗೆ ಬುದ್ಧಿ ಹೇಳಿರುತ್ತಿದ್ದಳು. ಹೇಳದ್ದರಿಂದ, ಚನ್ನರಾಯಪಟ್ಟಣದ ಮನೆ ಹೊಸ್ತಿಲಲ್ಲೇ ನಾನು ಅತ್ತೆಗೆ ಸಂತೋಷ ಸಮಾಚಾರ ಒದರಿದೆ: "ಅತ್ತೆ, ಪಾಪು ಉಂಡ್ಳು. ಬಸ್‌ಸ್ಟ್ಯಾಂಡಲ್ಲಿ, ಎಲ್ರ ಎದುರ್ಗೆ."

ಅತ್ತೆ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದು ನಿಂತಿದ್ದವರು ಒಳಗೆ ಹೋಗಿ ಇನ್ನೊಂದು ಹಿಡಿ ಮೆಣಸಿನಕಾಯಿ ತಂದರು.

"ಬಸ್‌ಸ್ಟ್ಯಾಂಡಲ್ಲಿ ಉಣ್ಸಿದ್ರಾ? ಊರೋರೆಲ್ಲ ನೋಡೋ ಅಂಗೆ? ನಿಮ್ಮವ್ವ ಏನೂ ಯೋಳಿಕೊಟ್ಟಿಲ್ವೇನವ್ವಾ?"

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಆ ಮೆಣಸಿನಕಾಯಿಯನ್ನು ನನಗೇ ನಿವಾಳಿಸಿದ್ದರೂ ಸಾಲುತ್ತಿರಲಿಲ್ಲ. ಮಗು ಸುತ್ತಲೂ ನೋಡಿಕೊಂಡು ಉಣ್ಣುತ್ತದೆ, ಜೊತೆಗೆ ಯಾರಾದರೂ ಉಣ್ಣಬೇಕು ಎಂದು ಅಕ್ಕ ಮೆಲ್ಲಗೆ ಹೇಳಹೊರಟಳು. ಅತ್ತೆ ಕೈಯೆತ್ತಿದರು. "ಮೂರ್ ಮಕ್ಳನ್ನ ಸಾಕಿವ್ನಿ ನಾನು." ಹೊಸದಾಗಿ ಕುದಿಸಿದ ಸರಿ, ಅವರ ಮನೆಯ ಒಳಲೆ, ಮಗು, ಮೂರನ್ನೂ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿದರು. ಚಿಲಕ ಬಿದ್ದ ಸದ್ದು ಕೇಳಿಸಿತು.

ನಡುಮನೆಯಲ್ಲಿ ಅಕ್ಕನ ಮಾವ ಟಿವಿ ನೋಡುತ್ತಿದ್ದರು. ಅಕ್ಕ ಆಫೀಸಿಗೆ ಉಡುವ ಸೀರೆಗಳನ್ನು ಚೀಲದಿಂದ ತೆಗೆದು ಮಂಚದ ಮೇಲಿಟ್ಟಳು, ಆಮೇಲೆ ಅವನ್ನು ಮತ್ತೆ ಚೀಲಕ್ಕೆ ಹಾಕಿದಳು. ಒಳಗಿಂದ ಮೊದಲು ಅತ್ತೆಯ ಮುದ್ದಿನ ದನಿ, ಆಮೇಲೆ ಗದರುವ ದನಿ, ಆಮೇಲೆ ಮಗುವಿನ ಅಳು. ಚಿಲಕ ತೆಗೆದಾಗ ಅತ್ತೆಯ ರವಿಕೆ, ಕೈಬಳೆ, ಹಣೆಯ ಮೇಲೆ ಬಿದ್ದಿದ್ದ ಬಿಳಿಗೂದಲು ಎಲ್ಲ ರಾಗಿಯಾಗಿತ್ತು.

"ನೋಡ್ದಾ? ಕಣ್ಣಾಗದೆ. ಒಂದು ತೊಟ್ಟು ಒಳಿಕ್ಕೋಗ್ಲಿಲ್ಲ" ಎಂದು ಮಗುವನ್ನು ಅಕ್ಕನ ಮಡಿಲಿಗಿಟ್ಟರು. "ಸೋಮ್ವಾರದ ಮಾತು ಬುಡವ್ವ ಇನ್ನು."

ಆ ಮನೆಯಲ್ಲಿ ಮೊದಲು ಗಂಡಸರ ಊಟ. ಮಾವನಿಗೂ ನನಗೂ ಟಿವಿ ಮುಂದೆಯೇ ತಟ್ಟೆ ಬಂತು, ಮುದ್ದೆ, ಬಸ್ಸಾರು, ಬಸಿದ ಸೊಪ್ಪಿನ ಪಲ್ಯ. ನಾನು ನನ್ನ ಮುದ್ದೆ ಮುಗಿಸಿದೆ. ಅತ್ತೆ ಊಟ ಮಾಡುವುದು ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ. ಮದುವೆಯಾಗಿ ಬಂದಾಗಿನಿಂದ ಅವರು ತಿನ್ನುವುದನ್ನು ಆ ಮನೆಯಲ್ಲಿ ಯಾರೂ ನೋಡಿಲ್ಲವಂತೆ. ಅವರು ಹಾಗೆ ತಟ್ಟೆ ಹಾಕಿಕೊಂಡು ಕೂತದ್ದನ್ನು ಕಂಡ ಅಕ್ಕ ಮಗುವನ್ನು ಎತ್ತಿಕೊಂಡು ಹೋಗಿ, ತನಗೂ ಒಂದು ತಟ್ಟೆ ಹಾಕಿಕೊಂಡು, ಅವರ ಎದುರಿಗೆ ನೆಲದ ಮೇಲೆ ಕೂತಳು.

ನಾನು ಕೈ ತೊಳೆಯುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. ಅತ್ತೆ ಮುದ್ದೆ ಮುರಿದು, ಸಾರಲ್ಲಿ ಅದ್ದಿ ಬಾಯಿಗಿಟ್ಟರು. ಪಾಪು ಎರಡೂ ಕೈ ಚಾಚಿದಳು. ಅತ್ತೆ ಪಕ್ಕಕ್ಕೆ ತಿರುಗಿ ಕೂತರು. ಪಾಪು ಅಮ್ಮನ ಮಡಿಲಿಂದ ಜಾರಿ, ನೆಲಕ್ಕೆ ಹೊಟ್ಟೆ ಹಚ್ಚಿ, ತೆವಳಿ ಆ ಪಕ್ಕಕ್ಕೆ ಬಂದಳು. ಅತ್ತೆ ಇನ್ನೊಂದು ಪಕ್ಕಕ್ಕೆ ತಿರುಗಿದರು. ಮಗು ಅವರ ಮಂಡಿ ಹಿಡಿದುಕೊಂಡು ಬಾಯಿ ತೆರೆದುಕೊಂಡು ನೋಡಿತು. ತುತ್ತು ಮೇಲೆ ಹೋದರೆ ಅದರ ತಲೆಯೂ ಮೇಲೆ.

"ಏನವ್ವ ಇದು, ಇಂಗೆ ನೋಡ್ತದೆ. ಗಂಟ್ಲಲ್ಲಿ ಇಳೀತಾ ಇಲ್ಲ ನಂಗೆ."

"ನಿಮ್ ತಟ್ಟೆ ಚೆಂದ ಕಾಣ್ತದೇನೋ ಅತ್ತೆ" ಎಂದಳು ಅಕ್ಕ, ತಲೆಯೆತ್ತದೆ.

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. ಆಮೇಲೆ ಎದ್ದು ಹೋಗಿ, ಖಾರ ಬೀಳದ ಬೇಳೆ ಕಟ್ಟನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಕಡಲೆಕಾಳಿನಷ್ಟು ಮುದ್ದೆಯನ್ನು ಅದರಲ್ಲಿ ಕದಡಿ, ಬೆರಳ ತುದಿಯಲ್ಲಿ ಮಗುವಿನ ನಾಲಿಗೆಗೆ ಹಚ್ಚಿದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ನಮ್ಮ ಕಡೆಯ ಕಟ್ಟಳೆ. ಆ ಲೆಕ್ಕದಲ್ಲಿ ಹಲ್ಲಿಲ್ಲದ ಪಾಪುವೇ ನಮ್ಮೆಲ್ಲರಿಗಿಂತ ಅರ್ಹಳು. ನುಂಗಿದಳು. ಅತ್ತೆ ಒಂದು ತುತ್ತು ತಾವು ತಿಂದು, ಮತ್ತೊಂದು ಚೂರು ಕೊಟ್ಟರು. ಹೀಗೇ ನಡೆಯಿತು. ಅಕ್ಕ ಮುರಿದ ಮುದ್ದೆ ಕೈಯಲ್ಲೇ ಇತ್ತು, ಅವಳು ತಿನ್ನುವುದನ್ನು ಮರೆತಿದ್ದಳು. ಬಟ್ಟಲಿನ ತಳ ಕಂಡಾಗ ಅತ್ತೆ ನನ್ನನ್ನು ಕಂಡರು.

"ಯಾಕ್ಲಾ ಅಲ್ಲಿ ನಿಂತ್ಕಂಡು ನೋಡ್ತೀಯ? ಬಂದು ಕೂತ್ಕಂಡು ನೀನೂ ಒಂದ್ ತುತ್ತು ಉಣ್ಣು. ಬರೀ ನೋಡಾದು ದೃಷ್ಟಿ."

ಉಂಡ ಕಣ್ಣು ದೃಷ್ಟಿಯಲ್ಲ, ಉಣ್ಣದೆ ನೋಡುವ ಕಣ್ಣು ಮಾತ್ರ ದೃಷ್ಟಿ ಎಂದು ಶಾಸ್ತ್ರ ಅಲ್ಲೇ, ಆ ಕ್ಷಣವೇ ತಿದ್ದುಪಡಿಯಾಯಿತು. ನಾನು ಬಾಯಿ ಮುಚ್ಚಿಕೊಂಡು ಎರಡನೇ ಮುದ್ದೆಗೆ ಕೂತೆ. ಭಾವ ಹಾಸನದಿಂದ ಬಂದಾಗ ಅತ್ತೆ ಬಾಗಿಲಲ್ಲೇ ವರದಿ ಒಪ್ಪಿಸಿದರು. "ಬೀಗಿತ್ತಿ ಕೈಲಿ ಇಷ್ಟ್ ದಿನ ಉಣ್ಸಾಕಾಗ್ಲಿಲ್ಲ. ನನ್ ಕೈ ತಾಗಿದ್ದೇ ಉಂಡದೆ. ಕೈಗುಣ ಅಂತ ಒಂದದೆ ಕಣಪ್ಪ." ಭಾವ ತಲೆಯಾಡಿಸಿದರು. ಅಕ್ಕನೂ ಆಡಿಸಿದಳು. ನಾನೂ ಆಡಿಸಿದೆ. ಮೂರು ತಲೆ ಒಟ್ಟಿಗೆ ಆಡಿದ್ದು ಆ ಮನೆಯಲ್ಲಿ ಅಪರೂಪವಿರಬೇಕು, ಮಾವ ಟಿವಿ ಸದ್ದು ಕಮ್ಮಿ ಮಾಡಿ ನೋಡಿದರು. ಪಾಪ, ಅವರಿಗೆ ಆಗಿನ್ನೂ ಗೊತ್ತಿರಲಿಲ್ಲ. ಮೊಮ್ಮಗಳ ಕೈ ಎಟುಕುವ ತಟ್ಟೆಯಲ್ಲಿ ಖಾರವಿರಬಾರದೆಂದು ಮಾರನೆಯ ದಿನದಿಂದ ಮನೆಯ ಸಾರೇ ಸಪ್ಪೆಯಾಯಿತು.

ಸೋಮವಾರ ಅಕ್ಕ ಆಫೀಸಿಗೆ ಹೋದಳು. ಮಧ್ಯಾಹ್ನ ಊಟದ ಹೊತ್ತಿಗೆ ಹಾಸನದಲ್ಲಿದ್ದ ನನಗೆ ಫೋನ್ ಮಾಡಿದಳು. ದನಿ ಸಣ್ಣಗಿತ್ತು. ಏನೋ ಎಡವಟ್ಟಾಗಿದೆ ಎಂದುಕೊಂಡೆ.

"ಉಣ್ಲಿಲ್ವಾ?"

"ಉಂಡ್ಳಂತೆ. ಬೆಳಿಗ್ಗೆ ನಾನು ಹೊರಟಾಗ ಅತ್ತೆ ತಿಂಡಿಗೆ ಕೂತಿದ್ರು. ಬಾಗಿಲಲ್ಲಿ ನಿಂತು ಟಾಟಾ ಮಾಡ್ದೆ, ಕರ್ದೆ. ಪಾಪು ಅವ್ರ ತಟ್ಟೆ ಬಿಟ್ಟು ನನ್ ಕಡೆ ತಿರುಗ್ಲಿಲ್ಲ ಕಣೋ. ಒಂಚೂರು ಅಳ್ಲೂ ಇಲ್ಲ."

"ಅತ್ತಿದ್ರೆ ಏನ್ಮಾಡ್ತಿದ್ದೆ?"

"ಹೋಗೋಕೆ ಆಗ್ತಿರ್ಲಿಲ್ಲ."

"ಮತ್ತೆ?"

ಆಚೆಯಿಂದ ಯಾರೋ ಅವಳನ್ನು ಮೇಡಂ ಎಂದು ಕರೆದರು. "ಬಂದೆ" ಎಂದು ಅವರಿಗೆ ಹೇಳಿ, "ಇಡ್ತೀನಿ ಕಣೋ, ಕೆಲ್ಸ ರಾಶಿ ಬಿದ್ದದೆ" ಎಂದು ನನಗೆ ಹೇಳಿ, ಫೋನಿಟ್ಟಳು.